ಜೀರಿಗೆಯೋ ಅಜವಾನವೋ? ಮಕ್ಕಳಿಗೆ ಯಾವ ಮಸಾಲೆ, ಯಾವ ವಯಸ್ಸಿಗೆ, ಎಷ್ಟು

ಸಂಜೆ ಏಳರ ಹೊತ್ತಿಗೆ ನಮ್ಮ ಕಿರಾಣಿ ಅಂಗಡಿಗೆ ಬರುವ ತಾಯಂದಿರಲ್ಲಿ ಒಬ್ಬರಾದರೂ ಸಾಮಾನಿನ ಚೀಟಿ ಕೊಡುವ ಮೊದಲು ಮಗುವಿನ ವಿಷಯ ತೆಗೆಯುತ್ತಾರೆ. "ಅಕ್ಕಾ, ಹುಡುಗನಿಗೆ ಹೊಟ್ಟೆ ಉಬ್ಬರಿಸಿದೆ. ಅಜವಾನ ಕೊಡಲೋ, ಬಡೇಸೋಪು ಕೊಡಲೋ?" ಕಲಬುರಗಿಯ ಈ ಓಣಿಯಲ್ಲಿ ಅಂಗಡಿ ಇಟ್ಟು ಮೂವತ್ತು ವರ್ಷವಾಯಿತು. ಎರಡು ಬಾಗಿಲು ಆಚೆ ಮಕ್ಕಳ ವೈದ್ಯರೊಬ್ಬರ ದವಾಖಾನೆಯಿದೆ. ಅಲ್ಲಿ ಸರದಿ ಉದ್ದವಾದ ದಿನ ನನ್ನ ಗಲ್ಲೆಯ ಮುಂದೆಯೂ ಸರದಿ ಬೆಳೆಯುತ್ತದೆ. ನಾನು ವೈದ್ಯಳಲ್ಲ. ಮೂರು ಮಕ್ಕಳನ್ನು ಬೆಳೆಸಿದ್ದೇನೆ, ಒಂದೆರಡು ಸಲ ಎಡವಿದ್ದೇನೆ, ಮತ್ತು ಆ ವೈದ್ಯರು ಸಕ್ಕರೆ, ಚಹಾಪುಡಿ ಒಯ್ಯಲು ಬಂದಾಗಲೆಲ್ಲ ಬಿಡದೆ ಕೇಳಿ ತಿಳಿದುಕೊಂಡಿದ್ದೇನೆ.

ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ನಾನು ಎರಡು ಮರುಪ್ರಶ್ನೆ ಹಾಕುತ್ತೇನೆ. ಕೂಸಿಗೆ ಎಷ್ಟು ತಿಂಗಳು? ಒಗ್ಗರಣೆಗೆ ಹಾಕುತ್ತೀರೋ, ಕುದಿಸಿ ಬತ್ತಿಸಿ ಕುಡಿಸುತ್ತೀರೋ? ಬೇಳೆಯ ಒಗ್ಗರಣೆಯಲ್ಲಿ ಸಿಡಿದ ಜೀರಿಗೆ ಊಟದ ಭಾಗ. ಅದೇ ಜೀರಿಗೆಯನ್ನು ಎರಡು ಚಮಚ ಹಾಕಿ, ಲೋಟ ನೀರನ್ನು ಕಾಲು ಲೋಟಕ್ಕೆ ಇಳಿಸಿ ಕುಡಿಸಿದರೆ ಅದು ಔಷಧಿ. ಅದೂ ಎಷ್ಟು ಪ್ರಮಾಣ ಎಂದು ಯಾರಿಗೂ ಗೊತ್ತಿಲ್ಲದ ಔಷಧಿ. ಮುಂದೆ ನಾನು ಮಾಡುವ ಹೋಲಿಕೆಗಳೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ತಿರುಗುತ್ತವೆ.

ಆರು ತಿಂಗಳೊಳಗಿನ ಕೂಸು

ಇಲ್ಲಿ ಹೋಲಿಸುವುದಕ್ಕೆ ಏನೂ ಇಲ್ಲ. ಆರು ತಿಂಗಳು ತುಂಬದ ಕೂಸಿನ ಬಾಯಿಗೆ ತಾಯಿಯ ಹಾಲು ಮಾತ್ರ. ಜೀರಿಗೆ ನೀರು, ಓಮದ ನೀರು, ಜೇನು, ಘುಟ್ಟಿ ಯಾವುದೂ ಬೇಡ. ಮೇ ತಿಂಗಳಲ್ಲಿ ನಮ್ಮ ಬಿಸಿಲು 43 ಡಿಗ್ರಿ ದಾಟಿದಾಗ "ಕೂಸಿಗೆ ಬಾಯಾರುವುದಿಲ್ಲವೇ?" ಎಂದು ಎಲ್ಲರೂ ಕೇಳುತ್ತಾರೆ. ಎದೆಹಾಲಿನಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ನೀರೇ ಇರುತ್ತದೆ. ಪದೇ ಪದೇ ಹಾಲೂಡಿಸಿ, ನೀರನ್ನು ತಾಯಿ ಕುಡಿಯಲಿ.

ಘುಟ್ಟಿಯ ಮಾತು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾನು ಎಡವಿದ್ದು ಅಲ್ಲಿಯೇ. ನನ್ನ ಮೊದಲ ಮಗಳಿಗೆ ನಲವತ್ತು ದಿನವಾದಾಗ ಅತ್ತೆ ಭಾಲ್ಕಿಯಿಂದ ಸಾಣೆಕಲ್ಲು ತಂದರು. ಅಂಗೈಯಗಲದ ಕರಿಕಲ್ಲು, ನಡುವೆ ತೇಯ್ದು ತೇಯ್ದು ತಗ್ಗು ಬಿದ್ದಿತ್ತು. ಅದರ ಮೇಲೆ ನಾಲ್ಕು ಹನಿ ಎದೆಹಾಲು ಬಿಟ್ಟು ಬಜೆ ಬೇರು ಒಂದು ಸುತ್ತು, ಜಾಜಿಕಾಯಿ ಅರ್ಧ ಸುತ್ತು, ಅಳಲೆಕಾಯಿ ಎರಡು ಸುತ್ತು. ಬೆರಳಿನಿಂದ ಬಳಿದು ಕೂಸಿನ ನಾಲಿಗೆಗೆ ಹಚ್ಚುವುದು. ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೆಯ ದಿನ ಕೂಸು ರಾತ್ರಿಯಿಡೀ ಅತ್ತಿತು. ಬೆಳಿಗ್ಗೆ ಅತ್ತೆ ಎಂದಿನ ಕಲ್ಲು ಸಿಗದೆ ಪಕ್ಕದ ಮನೆಯ ಹೊಸ ಕಲ್ಲು ತಂದು, "ಇವತ್ತು ಸ್ವಲ್ಪ ಹೆಚ್ಚೇ ಇರಲಿ" ಎಂದು ಬಜೆಯನ್ನು ಐದಾರು ಸುತ್ತು ತೇಯ್ದರು. ಒಂದು ಗಂಟೆಯೊಳಗೆ ಕೂಸು ವಾಂತಿ ಮಾಡಲು ಶುರುಮಾಡಿತು, ಆಮೇಲೆ ಹಾಲು ಹಿಡಿಯಲಾರದಷ್ಟು ಮಂಕಾಯಿತು. ಎರಡು ದಿನ ಆಸ್ಪತ್ರೆಯಲ್ಲಿದ್ದೆವು. ಬದುಕಿತು, ಈಗ ಅವಳಿಗೇ ಮಗುವಿದೆ. ಆದರೆ ಹೊಸ ಕಲ್ಲು ಹಳೆಯದಕ್ಕಿಂತ ಎಷ್ಟು ಪಟ್ಟು ಹೆಚ್ಚು ಬೇರನ್ನು ಕೆರೆದಿತ್ತು ಎಂಬುದು ಆ ದಿನ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ‘ಒಂದು ಸುತ್ತು’ ಅಳತೆಯೇ ಅಲ್ಲ. ಕಲ್ಲು ಬದಲಾದರೆ, ಕೈ ಬದಲಾದರೆ, ಬೇರು ಹಸಿಯಿದ್ದರೆ, ಅಳತೆಯೂ ಬದಲಾಗುತ್ತದೆ.

ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಗಡ್ಡೆ ಬೆಳೆಸಿದ್ದರಿಂದ ಅಮೆರಿಕದಲ್ಲಿ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದರು. ನಾನು ಬಜೆ ಮಾರುತ್ತೇನೆ, ಸುಳ್ಳು ಹೇಳುವುದಿಲ್ಲ. ಬಳೆಗೆ ಪೋಣಿಸಲು, ತೊಟ್ಟಿಲಿಗೆ ಕಟ್ಟಲು ಒಯ್ಯುತ್ತಾರೆ. ಕೂಸು ಆ ಬಳೆಯನ್ನು ಚೀಪುತ್ತದೆ ಎಂಬುದನ್ನು ಮಾತ್ರ ಹೇಳಿಯೇ ಕಳಿಸುತ್ತೇನೆ.

ಹಾಗಾದರೆ ರಾತ್ರಿ ಮುಷ್ಟಿ ಬಿಗಿದು, ಕಾಲು ಮಡಚಿ ಅಳುವ ಕೂಸಿಗೆ ಏನು ಮಾಡಬೇಕು? ಈ ಅಳು ಎರಡನೆಯ ವಾರದಿಂದ ಶುರುವಾಗಿ ಆರನೆಯ ವಾರದ ಸುಮಾರಿಗೆ ಜೋರಾಗುತ್ತದೆ, ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಹೀಗಾಗಿ ಮೂರನೆಯ ತಿಂಗಳಲ್ಲಿ ಕೊಟ್ಟ ಮದ್ದು ಯಾವುದಾದರೂ ಸರಿ, ಅದಕ್ಕೆ ಹೆಸರು ಬರುತ್ತದೆ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ, ಹೊಟ್ಟೆಯನ್ನು ಮೆಲ್ಲಗೆ ಸವರಿ. ಹಿರಿಯರ ಸಮಾಧಾನಕ್ಕೆ ಇಂಗನ್ನು ಬೆಚ್ಚನೆಯ ನೀರಿನಲ್ಲಿ ಕದಡಿ ಹೊಕ್ಕುಳ ಸುತ್ತ ಸವರಬಹುದು. ಅದರಿಂದ ದೊಡ್ಡ ಲಾಭವೇನೂ ಆಗದಿದ್ದರೂ ಸವರುವ ಕೈಯಿಂದ ಕೂಸಿಗೆ ಹಿತವಾಗುತ್ತದೆ. ಹೊಕ್ಕುಳಬಳ್ಳಿ ಇನ್ನೂ ಬಿದ್ದಿಲ್ಲವಾದರೆ ಅದರ ಹತ್ತಿರ ಇಂಗು, ಅರಿಶಿನ, ಬೂದಿ ಯಾವುದನ್ನೂ ಒಯ್ಯಬೇಡಿ. ಇಂಗನ್ನು ಬಾಯಿಗಂತೂ ಹಾಕಲೇಬಾರದು.

ಹೊಟ್ಟೆ: ಜೀರಿಗೆ, ಅಜವಾನ, ಬಡೇಸೋಪು, ಇಂಗು, ಶುಂಠಿ

ಆರು ತಿಂಗಳಾದ ಮೇಲೆ ಮೇಲೂಟ ಶುರುವಾಗುತ್ತದೆ. ಮಸಾಲೆಯೂ ಅದರೊಂದಿಗೇ ಬರಬಹುದು. ಮೊದಲ ಮತ ಜೀರಿಗೆಗೆ. ಮೆತ್ತಗೆ ಬೆಂದ ಹೆಸರುಬೇಳೆ ಕಿಚಡಿಗೆ ಅರ್ಧ ಚಮಚ ತುಪ್ಪ, ಅದರಲ್ಲಿ ಹುರಿದು ಪುಡಿ ಮಾಡಿದ ಒಂದು ಚಿಟಿಕೆ ಜೀರಿಗೆ. ಅದು ವಾಯುವನ್ನು ಓಡಿಸುತ್ತದೆಯೋ ಇಲ್ಲವೋ ಎಂಬ ವಾದಕ್ಕಿಂತ, ಅದರ ಘಮಕ್ಕೆ ಮಗು ಇನ್ನೆರಡು ತುತ್ತು ತಿನ್ನುವುದು ನನಗೆ ಮುಖ್ಯ. ತೂಕ ಏರದ ಮಗುವಿಗೆ ಆ ಎರಡು ತುತ್ತೇ ಮದ್ದು.

ಅಜವಾನ ಜೀರಿಗೆಯ ಹಾಗೆ ಸೌಮ್ಯವಲ್ಲ. ಎರಡು ಕಾಳು ಅಗಿದು ನೋಡಿ, ನಾಲಿಗೆ ಚುರ್ರೆನ್ನುತ್ತದೆ. ಅದು ಥೈಮಾಲ್ ಎಂಬ ಅಂಶದ ಖಾರ. ದೊಡ್ಡವರ ಹೊಟ್ಟೆಗೆ ಅದು ಹಿತ, ಎಂಟು ತಿಂಗಳ ಮಗುವಿನ ಬಾಯಿಗೆ ಬರೀ ಉರಿ. ಒಂದು ವರ್ಷ ದಾಟಿದ ಮೇಲೆ ಚಪಾತಿ, ತಾಳಿಪಟ್ಟಿನ ಹಿಟ್ಟಿನಲ್ಲಿ ಕೈಯಲ್ಲಿ ತಿಕ್ಕಿ ಹಾಕಿ. ಓಮದ ನೀರನ್ನು ಬಾಟಲಿಗಟ್ಟಲೆ ಒಯ್ದು ದಿನಾ ಕುಡಿಸುವವರಿದ್ದಾರೆ. ಬಾಟಲಿಯ ಮೇಲಿನ ಅಕ್ಷರ ಓದಿ, ಕೆಲವದರಲ್ಲಿ ಓಮಕ್ಕಿಂತ ಸಕ್ಕರೆಯೇ ಹೆಚ್ಚು. ಮಗುವಿಗೆ ಜೀರಿಗೆ, ದೊಡ್ಡವರಿಗೆ ಅಜವಾನ ಎಂದು ನಾನು ವಿಭಾಗ ಮಾಡಿಬಿಟ್ಟಿದ್ದೇನೆ.

ಬಡೇಸೋಪು ಸಿಹಿ, ಮಕ್ಕಳಿಗೆ ಇಷ್ಟ. ಆದರೂ ದಿನನಿತ್ಯ ಅದರ ಕಷಾಯ ಕುಡಿಸುವುದು ಬೇಡ. ಅದರಲ್ಲಿರುವ ಎಸ್ಟ್ರಾಗೋಲ್ ಎಂಬ ಅಂಶದ ಕಾರಣಕ್ಕೆ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸೋಂಪಿನ ಚಹಾವನ್ನು ಔಷಧಿಯಂತೆ ಕೊಡಬಾರದು ಎಂದು ಯುರೋಪಿನ ಔಷಧ ನಿಯಂತ್ರಕರು ಹೇಳುತ್ತಾರೆ. ಊಟದ ನಂತರ ನಾಲ್ಕು ಕಾಳು ಅಗಿಯುವ ಏಳೆಂಟು ವರ್ಷದ ಹುಡುಗಿಯ ಬಗ್ಗೆ ನನ್ನ ತಕರಾರಿಲ್ಲ. ಬಣ್ಣದ ಸಕ್ಕರೆ ಬಳಿದ ಸೋಪಿನ ಬಗ್ಗೆ ಇದೆ. ಇನ್ನೊಂದು: ಸೋಂಪು ಬೇರೆ, ಚಕ್ರಮೊಗ್ಗು ಬೇರೆ. ಬಿರ್ಯಾನಿಗೆ ಹಾಕುವ ಚಕ್ರಮೊಗ್ಗಿನ ಜೊತೆ ಅದರಂತೆಯೇ ಕಾಣುವ ವಿಷದ ಜಪಾನಿ ಜಾತಿ ಬೆರೆತಿರಬಹುದು. ಅದರ ಕಷಾಯ ಕುಡಿದ ಶಿಶುಗಳಿಗೆ ಫಿಟ್ಸ್ ಬಂದದ್ದರಿಂದ 2003ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎಚ್ಚರಿಕೆ ಕೊಟ್ಟಿತ್ತು. ಕಣ್ಣಿನಿಂದ ನೋಡಿ ಎರಡನ್ನೂ ಬೇರ್ಪಡಿಸಲು ನನಗೂ ಆಗುವುದಿಲ್ಲ.

ಇಂಗಿನ ಜಾಗ ಬೇಳೆಯ ಗಡಿಗೆ. ನಮ್ಮದು ತೊಗರಿಯ ನಾಡು, 2019ರಲ್ಲಿ ನಮ್ಮ ಬೇಳೆಗೆ ಭೌಗೋಳಿಕ ಸೂಚಕವೂ ಸಿಕ್ಕಿತು. ವಾಯುವಿನ ದೂರೂ ಅದರೊಟ್ಟಿಗೇ ಬಂದಿದೆ. ಒಂದು ವರ್ಷದ ಮೇಲಿನ ಮಗುವಿನ ಬೇಳೆಗೆ ಸಾಸಿವೆ ಕಾಳಿನಷ್ಟು ಇಂಗು ಸಾಕು. ಡಬ್ಬಿಯ ಇಂಗಿನಲ್ಲಿ ಬಹುಪಾಲು ಗೋಧಿ ಹಿಟ್ಟು ಮತ್ತು ಗೋಂದು ಇರುತ್ತದೆ. ಗೋಧಿ ಒಗ್ಗದ ಮಗುವಿದ್ದರೆ ಇದು ಸಣ್ಣ ಮಾತಲ್ಲ.

ಶುಂಠಿ ವಾಕರಿಕೆಗೆ. ಬೀದರ್ ಕಡೆಯ ಹಸಿ ಶುಂಠಿ ನಮ್ಮ ಮಾರುಕಟ್ಟೆಗೆ ಬರುತ್ತದೆ. ಮಣ್ಣು ತೊಳೆಯದ, ಉಗುರು ತಾಗಿಸಿದರೆ ರಸ ಒಸರುವ ಬೇರನ್ನು ಆರಿಸಿ. ಬಸ್ಸಿನಲ್ಲಿ ಯಾದಗಿರಿ ದಾಟುವುದರೊಳಗೆ ವಾಂತಿ ಮಾಡುವ ಐದಾರು ವರ್ಷದ ಮಕ್ಕಳಿಗೆ ಉಗುರಿನಷ್ಟು ತೆಳುವಾದ ಹೋಳನ್ನು ಬೆಲ್ಲದೊಂದಿಗೆ ಕೊಡುತ್ತೇನೆ. ಚಿಕ್ಕವರಿಗೆ ಖಾರ ತಡೆಯದು.

ಭೇದಿಯಾದಾಗ ಈ ಐದನ್ನೂ ಪಕ್ಕಕ್ಕಿಡಿ. ಮೆಂತ್ಯ ನುಂಗಿಸುವುದು, ಜಾಜಿಕಾಯಿ ತೇಯ್ದು ಕೊಡುವುದು, ಚಹಾಪುಡಿ ನೆಕ್ಕಿಸುವುದು ಎಲ್ಲವನ್ನೂ ನೋಡಿದ್ದೇನೆ. ಮಗು ಸಾಯುವುದು ಭೇದಿಯಿಂದಲ್ಲ, ಭೇದಿಯೊಂದಿಗೆ ಹೋದ ನೀರು ಮತ್ತು ಉಪ್ಪಿನಿಂದ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ, ದೊಡ್ಡದಾದರೆ ಒಂದು ಲೀಟರಿನಲ್ಲಿ, ಪೂರ್ತಿ ಕರಗಿಸಿ ಚಮಚ ಚಮಚವಾಗಿ ಕುಡಿಸಿ. ಕಲಸಿದ್ದನ್ನು 24 ಗಂಟೆಯ ಮೇಲೆ ಇಡಬೇಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು. ಅದರ ಜೊತೆ ಆರು ತಿಂಗಳ ಮೇಲಿನವರಿಗೆ ದಿನಕ್ಕೆ 20 ಮಿಲಿಗ್ರಾಂ ಸತುವಿನ ಗುಳಿಗೆ, 14 ದಿನ. ಆಶಾ ಕಾರ್ಯಕರ್ತೆಯನ್ನು ಕೇಳಿ. ಎದೆಹಾಲು, ಊಟ ನಿಲ್ಲಿಸಬಾರದು. ಜೀರಿಗೆ ಹಾಕಿದ ಮಜ್ಜಿಗೆ ಅನ್ನ ಊಟವಾಗಿ ಸರಿ, ಓಆರ್‌ಎಸ್‌ಗೆ ಬದಲಿಯಾಗಿ ಅಲ್ಲ.

ಕೆಮ್ಮು ನೆಗಡಿ: ಜೇನು ಮೊದಲು, ಉಳಿದವು ಆಮೇಲೆ

ನಮ್ಮ ಊರಲ್ಲಿ ಚಳಿಗಾಲದ ಬೆಳಗು ಮತ್ತು ತೊಗರಿ ಒಕ್ಕಣೆಯ ಧೂಳು ಒಟ್ಟಿಗೇ ಬರುತ್ತವೆ. ಡಿಸೆಂಬರ್, ಜನವರಿಯಲ್ಲಿ ಕೆಮ್ಮದ ಮಗುವೇ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದಲ್ಲಿ ವಿಷಬೆರೆತ ಕೆಮ್ಮಿನ ಸಿರಪ್ಪಿನಿಂದ ಮಕ್ಕಳು ತೀರಿಕೊಂಡ ಸುದ್ದಿ ಬಂದ ಮೇಲೆ, ಎರಡು ವರ್ಷದೊಳಗಿನವರಿಗೆ ಇಂಥ ಸಿರಪ್ಪು ಬೇಡ, ಐದರೊಳಗಿನವರಿಗೂ ಸಾಮಾನ್ಯವಾಗಿ ಸಲ್ಲದು ಎಂದು ಕೇಂದ್ರ ಆರೋಗ್ಯ ಇಲಾಖೆ ರಾಜ್ಯಗಳಿಗೆ ತಿಳಿಸಿತು. ಅಂದಿನಿಂದ ನನ್ನ ಅಂಗಡಿಯಲ್ಲಿ ಜೇನಿನ ಬಾಟಲಿಗೆ ಬೇಡಿಕೆ ಹೆಚ್ಚಿದೆ.

ಈ ಸಾಲಿನಲ್ಲಿ ಪರೀಕ್ಷೆಗೆ ನಿಂತದ್ದು ಎಂದರೆ ಜೇನೇ. ಅದು ಮಸಾಲೆಯಲ್ಲ ಎಂದು ನೀವು ತಗಾದೆ ತೆಗೆಯಬಹುದು, ಆದರೆ ಮಸಾಲೆಯನ್ನು ಮಕ್ಕಳಿಗೆ ನೆಕ್ಕಿಸುವುದು ಅದರಲ್ಲಿಯೇ ಅಲ್ಲವೇ. ಮಲಗುವ ಮುಂಚೆ ಒಂದರಿಂದ ಐದು ವರ್ಷದವರಿಗೆ ಅರ್ಧ ಚಿಕ್ಕ ಚಮಚ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಒಂದು ಚಿಕ್ಕ ಚಮಚ ಕೊಟ್ಟರೆ ರಾತ್ರಿ ಕೆಮ್ಮು ತಗ್ಗುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಬೆರಳ ತುದಿಯಷ್ಟೂ ಬೇಡ. ಅದರಲ್ಲಿರಬಹುದಾದ ಬಾಟ್ಯುಲಿಸಂ ಬೀಜಾಣುಗಳು ಕೂಸಿನ ಕರುಳಿನಲ್ಲಿ ಮೊಳೆತು ವಿಷ ಬಿಡುತ್ತವೆ. ಮೈ ಸಡಿಲವಾಗಿ ಉಸಿರೇ ಕಟ್ಟಬಹುದು. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವ ಶಾಸ್ತ್ರವಿದೆಯೆಂದು ಬರುವವರಿಗೆ, ಶಾಸ್ತ್ರವನ್ನು ಕೂಸಿನ ತಂದೆಗೆ ಮಾಡಿ ಎನ್ನುತ್ತೇನೆ.

ಜೇನಿನಲ್ಲಿ ಶುಂಠಿ ರಸ ನಾಲ್ಕು ಹನಿ ಬೆರೆಸುವುದು ಎರಡು ವರ್ಷದ ಮೇಲೆ ಸರಿ. ತುಳಸಿ ಮತ್ತು ದೊಡ್ಡಪತ್ರೆಯಲ್ಲಿ ನಾನು ದೊಡ್ಡಪತ್ರೆಯ ಪಕ್ಷ. ಕುಂಡದಲ್ಲಿ ಬೆಳೆಯುತ್ತದೆ, ಬೇಸಿಗೆಗೂ ಬಗ್ಗುವುದಿಲ್ಲ, ಎರಡು ಎಲೆ ಬಾಡಿಸಿ ಮಜ್ಜಿಗೆಯಲ್ಲಿ ತಂಬುಳಿ ಮಾಡಿದರೆ ಊಟವೇ ಆಗುತ್ತದೆ. ತುಳಸಿಯ ಎರಡು ಎಲೆ ಹಾಕಿ ಕುದಿಸಿದ ಬೆಚ್ಚನೆಯ ನೀರಿನಿಂದ ಗಂಟಲಿಗೆ ಹಿತವೆನಿಸಿದರೆ ಅದರಲ್ಲಿ ಅರ್ಧ ಪುಣ್ಯ ಬೆಚ್ಚನೆಯ ನೀರಿನದು. ಜೋಶಾಂದಾ ಕುಡಿಸುವ ಮನೆಗಳೂ ನಮ್ಮ ಓಣಿಯಲ್ಲಿವೆ. ಅದು ಹತ್ತಾರು ಬೇರು ಎಲೆಗಳ ಮಿಶ್ರಣ, ದೊಡ್ಡವರ ಲೆಕ್ಕದ್ದು. ಮಗುವಿಗೆ ಬೇಕೆಂದರೆ ಯುನಾನಿ ವೈದ್ಯರನ್ನು ಕೇಳಿ ಒಯ್ಯಿರಿ, ನನ್ನನ್ನಲ್ಲ.

ಅರಿಶಿನದ ಹಾಲಿನ ಬಗ್ಗೆ ಸತ್ಯ ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು. ಅದೂ ಮೈಗೆ ಹತ್ತುವುದು ತೀರ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರೀನ್, ಅಂದರೆ ಮೆಣಸಿನ ಸಾರ, ಕೊಟ್ಟಾಗ ಅದು ರಕ್ತಕ್ಕೆ ಸೇರುವುದು ಶೇ. 2000ರಷ್ಟು ಹೆಚ್ಚಿತು. ಹಾಲಿಗೆ ಮೆಣಸಿನ ಪುಡಿ ಉದುರಿಸುವ ಆಯಿಯರ ಕೈ ಸರಿಯಾಗಿಯೇ ಇತ್ತು. ಆದರೆ ಎರಡು ಗ್ರಾಂ ಕರ್ಕ್ಯುಮಿನ್ ಎಂದರೆ ಅರವತ್ತು ಎಪ್ಪತ್ತು ಗ್ರಾಂ ಅರಿಶಿನ; ನಾವು ಹಾಲಿಗೆ ಹಾಕುವುದು ಚಿಟಿಕೆ. ಅದನ್ನು ಹಾಲೆಂದು ಕುಡಿಸಿ, ಮದ್ದೆಂದು ಅಲ್ಲ. ಮೆಣಸು ಬೇರೆ ಔಷಧಿಗಳನ್ನೂ ಹೆಚ್ಚು ಹೀರಿಸಬಲ್ಲದು. ಫಿಟ್ಸ್ ಅಥವಾ ಕ್ಷಯದ ಗುಳಿಗೆ ನುಂಗುವ ಮಗುವಿದ್ದರೆ ದಿನಾ ಮೆಣಸಿನ ಕಷಾಯ ಕುಡಿಸುವ ಮುಂಚೆ ವೈದ್ಯರಿಗೆ ಹೇಳಿ. ಇಡೀ ಮೆಣಸಿನಕಾಳು, ಲವಂಗ ಸಣ್ಣ ಮಕ್ಕಳ ಕೈಗೆ ಸಿಗಬಾರದು. ಕೆಮ್ಮುವಾಗ ಬಾಯಲ್ಲಿದ್ದ ಕಾಳು ಶ್ವಾಸನಾಳಕ್ಕೆ ಇಳಿಯುತ್ತದೆ.

ಇನ್ನು ಎದೆಗೆ ಶಾಖ, ಹಬೆ, ಕರ್ಪೂರ. ಮೂರರಲ್ಲಿ ಒಂದನ್ನು ಒಪ್ಪುತ್ತೇನೆ, ಅದೂ ಷರತ್ತಿನ ಮೇಲೆ. ಎರಡು ಚಮಚ ಅಜವಾನವನ್ನು ಹಂಚಿನ ಮೇಲೆ ಹುರಿದು ಹತ್ತಿಯ ಬಟ್ಟೆಯಲ್ಲಿ ಗಂಟು ಕಟ್ಟುವುದು. ಹಂಚಿನಿಂದ ತೆಗೆದಾಗ ಗಂಟು ಮೇಲೆ ಬೆಚ್ಚಗಿದ್ದರೂ ನಡುವಿನ ಕಾಳು ಕೆಂಡದಂತಿರುತ್ತದೆ, ಒತ್ತಿದಾಗಲೇ ಅದರ ಬಿಸಿ ಹೊರಬರುವುದು. ನನ್ನ ಎರಡನೆಯ ಮಗನ ಎದೆಯ ಮೇಲೆ ನಾಣ್ಯದಗಲದ ಕಲೆಯೊಂದಿದೆ; ನಾನೇ ಒತ್ತಿದ್ದು. ಈಗ ಗಂಟನ್ನು ಮೊದಲು ನನ್ನ ಮಣಿಕಟ್ಟಿನ ಒಳಬದಿಗೆ ಒತ್ತಿ ಹತ್ತು ಎಣಿಸುತ್ತೇನೆ. ತಡೆಯಲಾಗದಿದ್ದರೆ ಮಗುವಿಗೂ ಬೇಡ. ಅಂಗಿಯ ಮೇಲಿನಿಂದ ಮಾತ್ರ. ಹಬೆಯ ಪಾತ್ರೆ ಮಕ್ಕಳಿಗೆ ಬೇಡವೇ ಬೇಡ, ಒಂದು ಒದೆತಕ್ಕೆ ಕುದಿನೀರು ತೊಡೆಯ ಮೇಲೆ. ಕರ್ಪೂರವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ತಿಕ್ಕುವುದನ್ನು ಎರಡು ವರ್ಷದೊಳಗಿನವರಿಗೆ ಮಾಡಲೇಬೇಡಿ. ಅದು ಚರ್ಮದಿಂದಲೂ ಒಳಗಿಳಿಯುತ್ತದೆ, ಹೊಟ್ಟೆಗೆ ಹೋದರೆ ಸ್ವಲ್ಪವೇ ಸಾಕು ಫಿಟ್ಸ್ ಬರಲು. ಜಗಲಿಯ ಕರ್ಪೂರದ ಡಬ್ಬಿ ಮಗುವಿನ ಕೈಗೆ ಎಟುಕದ ಕಡೆ ಇರಲಿ.

ಕೆಮ್ಮಿನ ಜೊತೆ ಉಸಿರನ್ನು ಎಣಿಸಲು ಕಲಿಯಿರಿ. ಮಗು ಅಳದೆ ಶಾಂತವಾಗಿದ್ದಾಗ ಅಂಗಿ ಎತ್ತಿ, ಮೊಬೈಲಿನಲ್ಲಿ ಪೂರ್ತಿ ಒಂದು ನಿಮಿಷ ನೋಡಿ ಹೊಟ್ಟೆ ಏರಿಳಿಯುವುದನ್ನು ಎಣಿಸಿ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ಅಥವಾ ದಾಟಿದರೆ ಅದು ನೆಗಡಿಯಲ್ಲ. ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಹಾಲು ನೀರು ಕುಡಿಯಲಾಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಮಂಕಾಗಿದ್ದರೆ ಅಡುಗೆಮನೆಯಿಂದ ಹೊರಗೆ ಬಂದು 108ಕ್ಕೆ ಫೋನ್ ಮಾಡಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಎರಡು ತಿಂಗಳೊಳಗಿನ ಕೂಸಿಗೆ ಬರೀ ಜ್ವರವಿದ್ದರೂ ಹೋಗಬೇಕು.

ನಿದ್ದೆ, ಜಂತು, ರಕ್ತ

ನಿದ್ದೆಗೆಂದು ಜಾಜಿಕಾಯಿ, ಗಸಗಸೆ ಕೇಳುವವರಿಗೆ ನಾನು ಎರಡನ್ನೂ ಕೊಡುವುದಿಲ್ಲ. ಜಾಜಿಕಾಯಿ ಹೆಚ್ಚಾದರೆ ಅಮಲು, ಎದೆಬಡಿತ. ಗಸಗಸೆ ಅಫೀಮಿನ ಗಿಡದ ಬೀಜ, ಅದರ ಮೇಲೆ ಮಾರ್ಫಿನ್ ಲೇಪ ಉಳಿದಿರಬಹುದು. ಹೊಲಕ್ಕೆ ಹೋಗುವ ತಾಯಿಗೆ ಕೂಸು ಮಲಗುವುದು ಎಷ್ಟು ಮುಖ್ಯ ಎಂದು ನನಗೆ ಗೊತ್ತು. ಹಾಗಿದ್ದರೂ ಇದು ಬೇಡ.

ಜಂತುವಿಗೆ ಅಜವಾನ ಬೆಲ್ಲವೋ ಗುಳಿಗೆಯೋ ಎಂದರೆ ಗುಳಿಗೆ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಅಂಗನವಾಡಿ, ಶಾಲೆಗಳಲ್ಲಿ ಅಲ್ಬೆಂಡಜೋಲ್ ಕೊಡುತ್ತಾರೆ. ಒಂದರಿಂದ ಎರಡು ವರ್ಷದವರಿಗೆ ಅರ್ಧ, ಮೇಲಿನವರಿಗೆ ಒಂದು.

ರಕ್ತದ ವಿಷಯ ಹೆಚ್ಚು ಗಂಭೀರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮೂವರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ರಕ್ತಹೀನತೆ. ಇಲ್ಲಿ ಹೋಲಿಸಬೇಕಾದದ್ದು ಅಳವಿ ಮತ್ತು ನುಗ್ಗೆ ತಪ್ಪಲು. ಅಳವಿ ಕಾಳಿನಲ್ಲಿ ಕಬ್ಬಿಣಾಂಶ ಚೆನ್ನಾಗಿದೆ, ಬಾಣಂತಿಯ ಉಂಡೆಗೆ ನಾವು ಹಾಕುವುದು ಸುಮ್ಮನೆ ಅಲ್ಲ. ನೆನೆದರೆ ಲೋಳೆಯಾಗಿ ಉಬ್ಬುತ್ತದೆ, ಆದ್ದರಿಂದ ಮಕ್ಕಳಿಗೆ ಹಾಲಿನಲ್ಲಿ ಬೇಯಿಸಿದ ಪಾಯಸವಾಗಿ ಒಂದೆರಡು ಚಮಚ, ಒಣ ಕಾಳಾಗಿ ಅಲ್ಲ. ನುಗ್ಗೆ ತಪ್ಪಲು ಪುಕ್ಕಟೆ ಸಿಗುತ್ತದೆ, ಬೇಳೆಯಲ್ಲಿ ಬೆರೆತುಹೋಗುತ್ತದೆ. ದಿನದ ಮಾತಾದರೆ ನನ್ನ ಆಯ್ಕೆ ಅದೇ. ಮೇಲೆ ನಿಂಬೆಹಣ್ಣು ಹಿಂಡಿದರೆ ಸಸ್ಯದ ಕಬ್ಬಿಣ ಹೆಚ್ಚು ಹತ್ತುತ್ತದೆ. ಊಟದ ಜೊತೆ ಚಹಾ ಕುಡಿಸಿದರೆ ಹತ್ತುವುದೂ ಹತ್ತುವುದಿಲ್ಲ. ರೊಟ್ಟಿಯನ್ನು ಚಹಾದಲ್ಲಿ ಅದ್ದಿ ಎರಡು ವರ್ಷದ ಮಗುವಿಗೆ ತಿನ್ನಿಸುವುದು ನಮ್ಮ ಕಡೆಯ ಹಳೆಯ ಚಟ. ಯಾವ ಮಸಾಲೆ ಸೇರಿಸಬೇಕು ಎನ್ನುವುದಕ್ಕಿಂತ ಈ ಚಹಾ ತಪ್ಪಿಸಿದರೆ ಲಾಭ ಹೆಚ್ಚು. ಈಗಾಗಲೇ ಬಿಳಿಚಿಕೊಂಡ ಮಗುವಿಗೆ ಸೊಪ್ಪು ಸಾಲದು. ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆ ಎರಡು ಸಲ ಒಂದೊಂದು ಎಂಎಲ್ ಕಬ್ಬಿಣದ ಸಿರಪ್ ಕೊಡುವ ಸರ್ಕಾರದ ವ್ಯವಸ್ಥೆಯಿದೆ. ಮಲ ಕಪ್ಪಾಯಿತೆಂದು ಹೆದರಿ ಬಾಟಲಿಯನ್ನು ಮೂಲೆಗಿಡಬೇಡಿ.

ಪುಡಿಯೋ, ಇಡಿಯದೋ

ಮಗುವಿರುವ ಮನೆಗೆ ಇಡೀ ಕಾಳು, ಇಡೀ ಕೊಂಬು ಒಯ್ಯಿರಿ. ಅರಿಶಿನಕ್ಕೆ ಬಣ್ಣ ಏರಿಸಲು ಸೀಸದ ಕ್ರೋಮೇಟ್ ಬಳಿಯುವುದು ಬಾಂಗ್ಲಾದೇಶದಲ್ಲೂ ನಮ್ಮ ದೇಶದ ಕೆಲವು ಕಡೆಯೂ ಪತ್ತೆಯಾಗಿದೆ. ಸೀಸ ಮಕ್ಕಳ ಮಿದುಳಿಗೆ ವಿಷ, ಅದಕ್ಕೆ ಸುರಕ್ಷಿತ ಮಟ್ಟವೇ ಇಲ್ಲ. 2023ರಲ್ಲಿ ಅಮೆರಿಕದಲ್ಲಿ ಮಕ್ಕಳ ಸೇಬಿನ ತಿನಿಸಿಗೆ ಹಾಕಿದ್ದ ದಾಲ್ಚಿನ್ನಿ ಪುಡಿಯಲ್ಲಿ ಸೀಸ ಸಿಕ್ಕಿ ಗದ್ದಲವಾಗಿತ್ತು. ಕೊಂಬಿಗೂ ಬಣ್ಣ ಬಳಿಯುತ್ತಾರೆ: ಕಣ್ಣು ಕುಕ್ಕುವ ಹಳದಿ, ಕೈಗೆ ಹತ್ತುವ ಪುಡಿ ಕಂಡರೆ ಬಿಡಿ. ಮಂಕು ಬಣ್ಣದ, ಮೇಲೆ ಮಣ್ಣಿನ ಗೆರೆ ಉಳಿದ ಕೊಂಬನ್ನು ನಾನು ನನ್ನ ಮನೆಗೆ ತೆಗೆದಿಡುತ್ತೇನೆ. ಗಿರಾಕಿಗಳು ಹೊಳೆಯುವುದನ್ನೇ ಕೇಳುತ್ತಾರೆ ಎಂದು ನನ್ನ ಗಂಡನ ವಾದ. ಈ ಜಗಳ ಇನ್ನೂ ಮುಗಿದಿಲ್ಲ.

ಪ್ರಮಾಣದ ಬಗ್ಗೆ ಒಂದು ಮಾತು. ಎರಡು ಮಕ್ಕಳ ಮನೆಗೆ ಜೀರಿಗೆ ನೂರು ಗ್ರಾಂ, ಅಜವಾನ ಐವತ್ತು, ಇಂಗಿನ ಸಣ್ಣ ಡಬ್ಬಿ ತಿಂಗಳಿಗೆ ಸಾಕು. ನಮ್ಮ ಬಿಸಿಲಿಗೆ ಕಾಳಿನ ಎಣ್ಣೆ ಬೇಗ ಆರುತ್ತದೆ. ಅಂಗೈಯಲ್ಲಿ ತಿಕ್ಕಿದಾಗ ಘಮ ಬರದ ಅಜವಾನವನ್ನು ವಾಪಸ್ ತನ್ನಿ, ಬದಲಿಸಿ ಕೊಡುತ್ತೇನೆ. ಓಆರ್‌ಎಸ್ ಪೊಟ್ಟಣವನ್ನು ನಾನು ಜೀರಿಗೆಯ ಡಬ್ಬಿಯ ಪಕ್ಕದಲ್ಲಿಯೇ ಇಟ್ಟಿದ್ದೇನೆ, ಕೇಳಲು ಮರೆತವರಿಗೂ ಕಣ್ಣಿಗೆ ಬೀಳಲಿ ಎಂದು.